ಹುಸೇನಸಾಬ ಮಾಸ್ತರರ ಶನಿವಾರಗಳು

ನಿನ್ನೆ ಮುಂಡರಗಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹತ್ತಿರದ ಶಾಲೆಯಿಂದ ಮಗ್ಗಿ ಕೇಳಿಸಿತು. ಮಕ್ಕಳೆಲ್ಲ ಒಂದೇ ದನಿಯಲ್ಲಿ ಕೂಗುವ ಆ ಮಗ್ಗಿ ನಿಮಗೂ ಗೊತ್ತು. ಕೇಳಿದವರಿಗೆ ಶಾಲೆ ಭರ್ಜರಿಯಾಗಿ ನಡೆದಿದೆ ಅನ್ನಿಸುತ್ತದೆ. ನಾನು ಮಾತ್ರ ಆ ಗದ್ದಲದಲ್ಲಿ ಯಾರ ದನಿ ಇಲ್ಲವೆಂದು ಹುಡುಕುತ್ತ ನಿಂತು ಬಸ್ಸು ತಪ್ಪಿಸಿಕೊಂಡೆ. ಈ ಚಟ ಹಚ್ಚಿದವರು ಹುಸೇನಸಾಬ ಮಾಸ್ತರರು. ಅವರು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಡೋಣಿಯ ಶಾಲೆಯಲ್ಲಿ ಅವರು ಹೆಡ್‌ಮಾಸ್ತರರು, ನಾನು ಹೊಸದಾಗಿ ಸೇರಿದವನು. ಅವರ ತರಗತಿಯ ಮಗ್ಗಿಯೆಂದರೆ ಕಪ್ಪತಗುಡ್ಡಕ್ಕೂ ಕೇಳಬೇಕು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಥಟ್ಟನೆ ಕೈ ಎತ್ತಿ ಅದನ್ನು ನಿಲ್ಲಿಸಿದರು. ಹಿಂದೆ, ಬಾಗಿಲ ಬಳಿ, ಎಳೆಯ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದ ಗಂಗವ್ವನಿಗೆ, "ನೀ ಒಬ್ಬಾಕಿನ ಹೇಳವ್ವಾ" ಎಂದರು. ತುಟಿ ಅಲುಗಿತು, ದನಿ ಬರಲಿಲ್ಲ. ಪುಸ್ತಕ ಕೊಟ್ಟರೆ ಓದಲೂ ಬರಲಿಲ್ಲ. ಅವಳ ಅಪ್ಪ ಯಲ್ಲಪ್ಪ ಆಗಲೇ, "ಓದು ತಲಿಗೆ ಹತ್ತವಲ್ದು, ದೀಪಾವಳಿಗೆ ಸಾಲಿ ಬಿಡಸ್ತೀನ್ರಿ" ಎಂದು ಹೇಳಿಹೋಗಿದ್ದ.

ಹೊರಡುವಾಗ ಸಾಹೇಬರು ಮೆಲ್ಲಗೆ ಹೇಳಿದರು: "ಮಾಸ್ತರ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮದು ಮುಂದಿನ ಎರಡು ಸಾಲಿನ ಶಾಲಿ. ಹಿಂದಿನವರು ಬರೇ ಬಾಯಿ ಆಡಿಸ್ತಾರ."

ನಾನಾಗಿದ್ದರೆ ಸಾಹೇಬರನ್ನು ಬೈಯುತ್ತಲೇ ವರ್ಷ ಕಳೆಯುತ್ತಿದ್ದೆ. ಮಾಸ್ತರರು ಮರುದಿನ ಸೀಮೆಸುಣ್ಣ ನನ್ನ ಕೈಗಿಟ್ಟು, ಟೊಪ್ಪಿಗೆ ಸರಿಮಾಡಿಕೊಂಡು, ಗಂಗವ್ವನ ಪಕ್ಕ ನೆಲದ ಮೇಲೆ ಕುಳಿತರು. ಪಾಠ ಮುಗಿದ ಮೇಲೆ, "ಇಲ್ಲಿ ಕುಂತ್ರ ಏನೂ ತಿಳಿಯಂಗಿಲ್ರಿ. ಬೋರ್ಡ್ ಮ್ಯಾಲ ಬಿಸಲು ಹೊಳೀತೈತಿ. ನೀವು ಹುಡುಗರನ್ನ ಬಿಟ್ಟು ಗ್ವಾಡಿ ಕೂಡ ಮಾತಾಡ್ತೀರಿ. ನಾನೂ ಹಂಗ ಮಾಡ್ತೀನೇನು?" ಎಂದರು.

ನಾನು ಬೋರ್ಡು ಒರೆಸತೊಡಗಿದೆ.

"ಹೇಳ್ರಿ, ಸಕ್ಕರಿ ಹಚ್ಚಬ್ಯಾಡ್ರಿ. ಮನ್ಯಾಗ ಹೆಂಡ್ತಿ ನನ್ನ ತಪ್ಪು ದಿನಾ ಪುಕ್ಕಟ ಹೇಳ್ತಾಳ, ನಿಮಗೇನು ತ್ರಾಸು?"

"ಹೌದ್ರಿ ಸರ, ಮಾಡ್ತೀರಿ."

"ಆತು. ಇನ್ನ ಕಲಿಯೂಣು."

ಒಕ್ಕೊರಲಿನ ಮಗ್ಗಿ ನಿಂತಿತು. ಬೋರ್ಡು ಬಾಗಿಲ ಪಕ್ಕದ ಗೋಡೆಗೆ ಹೋಗಿ, ಕೊನೆಯ ಸಾಲೇ ಮೊದಲ ಸಾಲಾಯಿತು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಮಾಸ್ತರರೆಲ್ಲ ಕುಳಿತು ಒಬ್ಬರ ಪಾಠದ ತಪ್ಪು ಇನ್ನೊಬ್ಬರು ಹೇಳಬೇಕು. ಬರುವ ವಾರ ಯಾವುದನ್ನು ಬದಲಿಸುವುದೆಂದು ಗೊತ್ತುಮಾಡಿಯೇ ಏಳಬೇಕು. ಮೊದಲ ಪಾಳಿ ಯಾವಾಗಲೂ ಅವರದೇ. ಐವತ್ತು ದಾಟಿದ ಮನುಷ್ಯ ತನ್ನ ತಪ್ಪಿಗಾಗಿ ಹಬ್ಬದ ಊಟಕ್ಕೆ ಕಾದಂತೆ ಕಾಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೀಪಾವಳಿ ಹತ್ತಿರವಾದಾಗ ಯಲ್ಲಪ್ಪ ಬಂದೇಬಿಟ್ಟ. ಮಾಸ್ತರರು ವಾದಿಸಲಿಲ್ಲ. "ಕುಂಡ್ರೋ ಯಲ್ಲಪ್ಪಾ, ಒಂದು ಪಾಠ ಕೇಳಿ ಕರಕೊಂಡು ಹೋಗು" ಎಂದರು. ಗಂಗವ್ವ ತಮ್ಮನನ್ನು ಮಾಸ್ತರರ ತೊಡೆಗೆ ದಾಟಿಸಿ ಎದ್ದು ನಿಂತಳು. ಓದಿದಳು, ತಡವರಿಸಿದಳು, ಮತ್ತೆ ಓದಿದಳು. ತರಗತಿಯಲ್ಲಿ ಒಬ್ಬಳದೇ ದನಿ.

"ನಮ್ಮ ಗಂಗಿನ ಏನ್ರಿ ಇದು?" ಎಂದ ಯಲ್ಲಪ್ಪ. "ಮನ್ಯಾಗ ಜಗಳಕ್ಕಷ್ಟ ಬಾಯಿ ತಗೀತಿದ್ಳು." ಮಾಸ್ತರರ ತೊಡೆಯ ಮೇಲಿನ ಕೂಸನ್ನು ಎತ್ತಿಕೊಂಡು, ಗಂಗವ್ವನನ್ನು ಅಲ್ಲೇ ಬಿಟ್ಟು ಮನೆಗೆ ಹೋದ.

ನಿನ್ನೆ ಮುಂದಿನ ಬಸ್ಸು ಹಿಡಿದು ಡೋಣಿಗೆ ಹೋದದ್ದು ಮಾಸ್ತರರ ಸಂತಾಪ ಸಭೆಗೆ. ಅಲ್ಲಿ ನಾನೂ ಮಾತಾಡಿದೆ. ವೇದಿಕೆ ಇಳಿದು ಬಂದವನೇ ಪಕ್ಕದಲ್ಲಿದ್ದ, ಆ ಶಾಲೆಯ ಹೊಸ ಶಿಕ್ಷಕಿಗೆ, "ಹೆಂಗಾತ್ರಿ ಅಕ್ಕೋರ? ಖರೆ ಹೇಳ್ರಿ" ಎಂದೆ. ಆಕೆ ಅನುಮಾನಿಸಿ, "ಸರ, ಅವರ ಬಗ್ಗೆ ಕಡಿಮಿ ಆತು, ನಿಮ್ಮ ಬಗ್ಗೆ ಭಾಳ ಆತ್ರಿ" ಎಂದಳು.

ಚುರುಕ್ ಎಂದಿತು. ಆದರೆ ಮಾಸ್ತರರ ಶನಿವಾರದ ಪಾಳಿ ನೆನಪಾಯಿತು. ಮನೆಗೆ ಬಂದು ಬರೆಯಲು ಕುಳಿತೆ. ಇದರಲ್ಲೂ ನಾನೇ ಹೆಚ್ಚಾಗಿದ್ದರೆ ಹೇಳಿ. ಮತ್ತೆ ಬರೆಯುತ್ತೇನೆ.