ಎಣಿಕೆ ಸರಿ, ಗುಂಡಮ್ಮಕ್ಕ ಇಲ್ಲ

ಗೆಳೆಯರೇ, ಇದನ್ನು ಮೊದಲು ಹೇಳಿದವರು ಮೋರಖಂಡಿಯ ಕುರಿಗಾರ ಮಾಳಪ್ಪ ಕಾಕಾ, ನಿನ್ನೆ ಸಂಜೆ, ನಮ್ಮ ಮನೆಯ ಕಟ್ಟೆಯ ಮೇಲೆ. ಮೂರು ದೇಶಗಳ ಹಳೆಯ ನಗರ, ಗುಡಿಗಳನ್ನು ನೋಡುವ ಪ್ರವಾಸ ಮುಗಿಸಿ ಅವರು ಮೊನ್ನೆಯಷ್ಟೇ ಮರಳಿದ್ದರು.

ಕಾಂಬೋಡಿಯಾದ ದೊಡ್ಡ ಗುಡಿ ನೋಡಿಯಾಗಿತ್ತು. ಬಸ್ಸು ವಿಯೆಟ್ನಾಂ ಗಡಿಗೆ ಹೊರಡಬೇಕು. ಕಲಬುರಗಿಯಿಂದ ಜೊತೆಗೆ ಬಂದಿದ್ದ ಗೈಡ್ ತಲೆ ಎಣಿಸಿ, "ಇಪ್ಪತ್ತೆಂಟು, ಸರಿ ಅದ. ನಡೀರಿ" ಎಂದ.

"ಚಿಟಗುಪ್ಪದ ಗುಂಡಮ್ಮಕ್ಕ ಇಲ್ಲೋ ತಮ್ಮಾ" ಎಂದರು ಕಾಕಾ. ಆಕೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಆಕೆಯ ಪಾಸ್‌ಪೋರ್ಟ್ ಕೂಡ ಈ ಗೈಡ್‌ನ ಚೀಲದಲ್ಲೇ ಇತ್ತು.

"ಮೂರು ಸಲ ಎಣಿಸೀನ್ರಿ ಕಾಕಾ!"

"ನೀ ತಲಿ ಎಣಿಸಾಕತ್ತಿ, ನಾ ಮಾರಿ ನೋಡಾಕತ್ತೇನಿ. ನಮ್ಮದೊಂದು ಕಮ್ಮಿ ಅದ, ಮಂದೀದೊಂದು ಬಂದು ಸೇರ್ಯಾದ. ಆಕಿ ಬರೋತನಕ ನಾ ಏಳಂಗಿಲ್ಲ." ಕಾಕಾ ಬಸ್ಸಿನ ಮೆಟ್ಟಿಲ ಮೇಲೆ ಕೂತೇಬಿಟ್ಟರು.

ಗೈಡ್ ಗೊಣಗುತ್ತ ಹಿಂದಿನ ಸೀಟಿಗೆ ಹೋಗಿ, ಮುಖದ ಮೇಲೆ ಟೋಪಿ ಹಾಕಿಕೊಂಡು ಮಲಗಿದ್ದವನನ್ನು ಎಬ್ಬಿಸಿದ. ಬೇರೆ ಗುಂಪಿನವನು! ಹುಡುಕಿಕೊಂಡು ಹೋದರೆ ಗುಂಡಮ್ಮಕ್ಕ ಗುಡಿಯ ಕಂಬಕ್ಕೆ ಒರಗಿ ಕೂತಿದ್ದರಂತೆ. "ಎಲ್ಲಿ ತಪ್ಪಿಸ್ಕೊಂಡಿದ್ರಿ ನೀವೆಲ್ಲಾ?" ಎಂದು ಇವರಿಗೇ ಬೈದರಂತೆ.

ಇಂದು ಬೆಳಿಗ್ಗೆ ನಮ್ಮ ಓಣಿಯವರು ಓಣಿಯ ಹುಡುಗನ ನಿಶ್ಚಿತಾರ್ಥಕ್ಕೆಂದು ಹಳ್ಳಿಖೇಡಕ್ಕೆ ಹೊರಟೆವು. "ಹದಿನಾಲ್ಕು ಮಂದಿ, ಬರೋಬ್ಬರಿ" ಎಂದು ಟೆಂಪೋ ಚಾಲಕ ಕೀಲಿ ತಿರುವಿದ. ನಿನ್ನೆ ಕಥೆ ಕೇಳಿದವರೆಲ್ಲ "ತಡೀಯಪಾ!" ಎಂದು ಕೂಗಿ, ಒಬ್ಬೊಬ್ಬರ ಮುಖ ನೋಡತೊಡಗಿದೆವು.

ಹುಮನಾಬಾದ್ ತನಕ ಬರುತ್ತೇನೆಂದು ಹತ್ತಿದ ಅಪರಿಚಿತರೊಬ್ಬರು ಇದ್ದರು. ಮದುಮಗನೇ ಇರಲಿಲ್ಲ.