ಇಳಿತದ ಹೊತ್ತಿನ ಸಭೆ

ಮೇ ತಿಂಗಳ ಕೊನೆಯ ರವಿವಾರ, ಬೆಳಿಗ್ಗೆ ಹತ್ತು ಗಂಟೆ. ಮಿರ್ಜಾನದ ಕೆಳಗಿನ ನಮ್ಮೂರ ಗಜನಿ ರೈತರ ಸಂಘದ ಕಚೇರಿಯಲ್ಲಿ ಸಭೆ. ಹಾಜರಿದ್ದವರು: ನಿವೃತ್ತ ಹೆಡ್‌ಮಾಸ್ತರನೂ ಸಂಘದ ಅಧ್ಯಕ್ಷನೂ ಆದ ನಾನು ಮತ್ತು ಮಾದೇವಿ. ಇಬ್ಬರೇ.

ಗಜನಿಯೆಂದರೆ ಹೊಳೆಯ ಉಪ್ಪುನೀರನ್ನು ಕಟ್ಟೆಯಿಂದ ತಡೆದು ಭತ್ತ ಬೆಳೆಯುವ ಗದ್ದೆ. ಕಟ್ಟೆಯ ಬಾಗಿಲಿನ ಹಲಗೆಗಳು ಕೊಳೆತಿವೆ. ಮಳೆಗೆ ಮೊದಲು ಬದಲಿಸದಿದ್ದರೆ ಬಾಗಿಲಿಗೆ ತಾಗಿದ ಮಾದೇವಿಯ ಗದ್ದೆ ಈ ವರ್ಷವೂ ಬೀಳು. ಮನೆಗೊಂದು ಆಳು ದುಡಿಯಬೇಕೆಂದು ಠರಾವು ಮಾಡಬೇಕಿತ್ತು. ಕೋರಂ ಇಲ್ಲದೆ ಠರಾವಿಲ್ಲ.

ಭಟ್ಕಳದಲ್ಲಿರುವ ನನ್ನ ಸ್ನೇಹಿತರೊಬ್ಬರು ರಾಜ್ಯಶಾಸ್ತ್ರ ಕಲಿಸಿದವರು. ಪ್ರಜಾಪ್ರಭುತ್ವ ಕಸಿಗಿಡವಂತೆ, ಕೆಳಗೆ ಹಳೆಯ ಸಂಸ್ಥೆಯೊಂದರ ಬೇರಿಲ್ಲದಿದ್ದರೆ ಚಿಗುರದಂತೆ. ನಮ್ಮಲ್ಲಿ ಬೇರಿತ್ತು. ಹಿಂದೆ ಹಿರಿಯರು ಕಟ್ಟೆಯ ಮೇಲೆ ನಿಂತು ಕೂಗಿದರೆ ಮನೆಗೊಬ್ಬ ಗುದ್ದಲಿ ಹಿಡಿದು ಬರುತ್ತಿದ್ದ. ಆದರೆ ಮಾತು ನಾಲ್ಕು ಮನೆಯವರದು. ಮಾದೇವಿಯ ಅಪ್ಪ ಸೊಂಟಮಟ್ಟದ ಕೆಸರಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಇಂದು ಮಗಳಿಗೆ ಮಾತಿನ ಹಕ್ಕಿದೆ, ಕೇಳುವವರಿಲ್ಲ. ಎರಡರಲ್ಲಿ ಯಾವುದು ವಾಸಿಯೆಂದು ತೂಗಲು ನನಗೆ ಧೈರ್ಯ ಸಾಲದು.

ಹತ್ತೂವರೆಗೆ ಗಡಿಯಾರ ನೋಡಿ, "ಜನಕ್ಕೆ ಶಿಸ್ತಿಲ್ಲ" ಎಂದೆ.

"ಶಿಸ್ತು ಎಂತಕ್ಕೆ ಮಾಸ್ತರ್ರೆ? ಈಗ ಇಳಿತ ಅಲ್ದಾ? ನೀರು ಇಳದದೆ, ಊರೆಲ್ಲ ಹೊಳಿಗಿಳದು ಬಳಚಿನ ಚಿಪ್ಪು ಹೆಕ್ತದೆ. ನಿಮ್ಗೆ ಸಾರಿಗೆ ಬಳಚು ಬೇಕು, ಇಳಿತ ಎಷ್ಟೊತ್ತಿಗೆ ಅಂತ ಮಾತ್ರ ಗೊತ್ತಿಲ್ಲ!" ಎಂದಳು ಮಾದೇವಿ.

ಮೂವತ್ತು ವರ್ಷ ಗಂಟೆ ಬಾರಿಸಿ ಮಕ್ಕಳನ್ನು ಕೂರಿಸಿದವನು ನಾನು. ಹೊಳೆಗೆ ಬೇರೆ ಗಂಟೆಯಿದೆಯೆಂದು ಹೊಳೆದೇ ಇರಲಿಲ್ಲ.

"ಎಲ್ಲರೂ ಅಲ್ಲೇ ಅವ್ರೆ. ಬನ್ನಿ, ದಂಡೆ ಮೇಲೇ ಕೇಳುವಾ."

ನೋಟೀಸಿನಲ್ಲಿ ಬರೆದ ಸ್ಥಳ ಬಿಟ್ಟು ಬೇರೆಡೆ ಸಭೆ ನಡೆಸಿದರೆ ಊರ್ಜಿತವಲ್ಲ ಎಂದೆ. ನಿಯಮದ ಪ್ರಕಾರ ಹದಿನೈದು ದಿನ ಬಿಟ್ಟು, ಅದೇ ಹತ್ತು ಗಂಟೆಗೆ ಮತ್ತೆ ಸಭೆ.

ಅವಳು ಬೆರಳು ಮಡಚಿ ತಿಥಿ ಎಣಿಸಿದಳು. "ಹದಿನೈದು ದಿನಕ್ಕೆ ಹೊಳೆ ತಿರುಗಿ ಇದೇ ಲೆಕ್ಕಕ್ಕೆ ಬರ್ತದೆ. ಅವತ್ತೂ ಹತ್ತಕ್ಕೆ ಇಳಿತವೇ. ನಾಲ್ಕಕ್ಕಿಡಿ, ಭರತ ಇರ್ತದೆ, ಹೊಳೆ ತುಂಬಿರ್ತದೆ, ಜನ ಮನೇಲಿರ್ತಾರೆ." ಮಡಚಿದ ಬೆರಳು ಬಿಡಿಸುತ್ತ, "ಅಷ್ಟ್ರೊಳಗೆ ಮಳೆನೂ ಬಂದಿರ್ತದೆ. ಇರ್ಲಿ, ಬರ್ಕಳಿ," ಎಂದಳು.

ಬುಟ್ಟಿ ಎತ್ತಿಕೊಂಡು ಅವಳೂ ಹೊಳೆಯ ಕಡೆ ಹೋದಳು. ಅಲ್ಲಿಂದ ಊರಿನ ಮಾತು, ನಗು ಕಚೇರಿಯವರೆಗೂ ಕೇಳಿಸುತ್ತಿತ್ತು. ಬೇರಿನ ಚಿಂತೆ ನನಗಿನ್ನಿಲ್ಲ. ಅದು ನೀರಿನಲ್ಲಿ ಮೊಣಕಾಲುದ್ದ ಇಳಿದು ಜೀವಂತವಾಗಿದೆ. ಒಣಗಿದ್ದು ಮೇಲಿನ ಕಸಿಕೊಂಬೆ, ಅಂದರೆ ನಾನು.

ಸಭೆ ಸಂಜೆ ನಾಲ್ಕಕ್ಕೆ ಎಂದು ಸ್ಫುಟವಾಗಿ ಬರೆದು, ಮಳೆ ಹನಿ ತಾಗದಂತೆ ಕಚೇರಿ ಬಾಗಿಲ ಒಳಮೈಗೆ ನೋಟೀಸು ಅಂಟಿಸಿದೆ.