ಸೊನ್ನೆ ಕಂಡಲ್ಲಿ ನಿಲ್ಲುವುದು

ಬೆಳಿಗ್ಗೆ ರಿಪೇರಿಗೆ ಬಂದ ಹಳೆಯ ಕಂಟ್ರೋಲರಿನ ಮುಚ್ಚಳ ತೆಗೆದದ್ದೇ ತಡ, ರಬ್ಬರ್ ಶೀಟಿನ ಹೊಗೆವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಮಿಸ್ರಿಯಾಳ ನೆನಪು, ನೆನಪಿನ ಹಿಂದೆ ನನ್ನ ಹೊಟ್ಟೆಕಿಚ್ಚು. ಇಷ್ಟು ವರ್ಷವಾದರೂ ಅದು ಕೆಡದೆ ಉಳಿದಿದೆ ನೋಡಿ.

ಪುತ್ತೂರಿನ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ರಬ್ಬರ್ ಒಣಗಿಸುವ ಸ್ಮೋಕ್‌ಹೌಸ್‌ಗಳ ಬಿಸಿ ನೋಡಿಕೊಳ್ಳುವ ಕಂಟ್ರೋಲರ್ ತಯಾರಾಗುತ್ತದೆ. ಅದರೊಳಗಿನ ಪ್ರೋಗ್ರಾಂ ನನ್ನದು. ಏನು ಕೆಟ್ಟರೂ ಧಣಿಗಳು ನನ್ನ ಕುರ್ಚಿಯ ಹತ್ತಿರವೇ ಬಂದು ನಿಲ್ಲುತ್ತಿದ್ದರು. ಆ ಸುಖ ನನಗೆ ಸಂಬಳಕ್ಕಿಂತ ದೊಡ್ಡದಾಗಿತ್ತು. ಹಾಗಿರುವಾಗ ನೆಲ್ಯಾಡಿಯ ಒಂದು ಕಂಟ್ರೋಲರ್ ಆಗಾಗ ಸತ್ತು ಬೀಳತೊಡಗಿತು.

ಪ್ರೋಗ್ರಾಂ ಬಿದ್ದಾಗ, ಯಾರನ್ನು ಯಾರು ಕರೆದರು ಎಂದು ಹಿಂದಕ್ಕೆ ಕೇಳಿಕೊಂಡು ಹೋಗುವ ಕ್ರಮವಿದೆ, ಜಾಡು ಹಿಡಿಯುವುದು ಎನ್ನುತ್ತೇವೆ. ನಮ್ಮ ಸುಳ್ಯದ ಮದುವೆಮನೆಗಳಲ್ಲಿ ಅಜ್ಜಿಯಂದಿರು ಹೊಸಬರನ್ನು ಹಿಡಿದು, ಯಾರ ಮಗ, ಅವರ ಅಪ್ಪ ಯಾರು ಎಂದು ತರವಾಡು, ಅಂದರೆ ಮೂಲಮನೆಯವರೆಗೆ ಹೋಗುವುದಿಲ್ಲವೇ, ಹಾಗೆ. ಪ್ರೋಗ್ರಾಮಿನ ಒಂದೊಂದು ತುಂಡೂ, ಅಂದರೆ ಫಂಕ್ಷನ್ನೂ, ತನ್ನನ್ನು ಕರೆದವರ ವಿಳಾಸವನ್ನು ಸ್ಟ್ಯಾಕ್ ಎಂಬ ನೆನಪಿನ ಅಟ್ಟಿಯಲ್ಲಿ ಬಿಟ್ಟಿರುತ್ತದೆ. ಅಜ್ಜಿಯಂದಿರು ತರವಾಡು ಮುಟ್ಟಿದ ಮೇಲೆ ಎಲೆ ಅಡಿಕೆ ಬಾಯಿಗೆ ಹಾಕಿ ಸುಮ್ಮನಾಗುತ್ತಾರೆ. ನನ್ನ ಪ್ರೋಗ್ರಾಂ ಸುಮ್ಮನಾಗುತ್ತಿರಲಿಲ್ಲ. ಮೊದಲ ಫಂಕ್ಷನನ್ನೂ ದಾಟಿ, ಕಂಡ ಕಸವನ್ನೆಲ್ಲ ವಿಳಾಸವೆಂದು ನಂಬಿ ಹೋಗಿ, ಒಂದು ಹೆಸರೂ ಹೇಳದೆ ಅಲ್ಲೇ ಸಾಯುತ್ತಿತ್ತು.

"ನೆಲ್ಯಾಡಿಯ ವೋಲ್ಟೇಜ್ ಸರಿ ಇಲ್ಲ ಧಣಿ," ಎಂದು ನಾನು ಸ್ಟೆಬಿಲೈಸರ್ ಹೊತ್ತು ಬಸ್ ಹತ್ತಿದೆ. ವಾಪಸ್ ಬಂದರೆ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಮಿಸ್ರಿಯಾ ನನ್ನ ಕುರ್ಚಿಯಲ್ಲಿ ಕೂತಿದ್ದಳು. ಧಣಿಗಳು ಪಕ್ಕದಲ್ಲಿ ನಿಂತಿದ್ದರು.

"ಅಣ್ಣ, ಮೊದಲನೇ ಫಂಕ್ಷನನ್ನು ಕರೆದವರು ಯಾರೂ ಇಲ್ಲ ಅಲ್ವಾ," ಎಂದಳು. "ಹಾಗಾಗಿ ಅದು ಶುರುವಾಗುವ ಮೊದಲೇ ಅಲ್ಲಿ ನಾವೇ ಒಂದು ಖಾಲಿ ಫ್ರೇಮ್ ಕಟ್ಟಿ, ಕರೆದವರ ವಿಳಾಸದ ಜಾಗದಲ್ಲಿ ಸೊನ್ನೆ ಇಡುದು. ಸೊನ್ನೆ ಕಂಡಲ್ಲಿ ನಿಲ್ಲುದು, ಅಷ್ಟೇ."

ಅವಳು ಸೇರಿಸಿದ್ದು ಎರಡೇ ಸಾಲು. ಜಾಡು ನೆಟ್ಟಗೆ ಬಂದು, ಬಿಸಿ ಅಳೆಯುವ ನನ್ನದೇ ಫಂಕ್ಷನಿಗೆ ಬೊಟ್ಟು ಮಾಡಿತು.

"ಎಂತ ಮಾರಾಯ, ವೋಲ್ಟೇಜ್ ಅಂದಿಯಲ್ಲ," ಎಂದು ಧಣಿಗಳು ನಕ್ಕರು. ಆಮೇಲೆ ಅವರು ನನ್ನನ್ನು ಕೇಳಿದ್ದು ಅವಳು ರಜೆ ಹಾಕಿದಾಗ ಮಾತ್ರ. ಹೊಟ್ಟೆ ಉರಿಯಿತು. ಅವಳು ಮನೆಯಿಂದ ತಂದ ಅಕ್ಕಿಯ ತೆಳು ರೊಟ್ಟಿ, ಪತ್ತಿರಿಯೂ ನನಗೆ ರುಚಿಸಲಿಲ್ಲ. ಕೇಳಿ ಹಾಕಿಸಿಕೊಂಡು ತಿಂದೆ, ಆದರೂ ರುಚಿಸಲಿಲ್ಲ.

ಈಗ ಅವಳಿಗೆ ಕಡಬದಲ್ಲಿ ಸ್ವಂತ ಅಂಗಡಿ. ನನಗೆ ಅದೇ ಕುರ್ಚಿ. ಬೆಳಗಿನ ಆ ಕಂಟ್ರೋಲರಿಗೆ ವೈರ್ ಸಿಕ್ಕಿಸಿ ಓಡಿಸಿದೆ. ಪ್ರೋಗ್ರಾಂ ಬಿತ್ತು. ಜಾಡು ಒಂದೊಂದೇ ಹೆಸರು ಹೇಳುತ್ತಾ ಸೊನ್ನೆಯಲ್ಲಿ ಬಂದು ನಿಂತಿತು. ತಪ್ಪು ಇದ್ದದ್ದು ಮಿಸ್ರಿಯಾ ಆಮೇಲೆ ಬರೆದು ಸೇರಿಸಿದ ಫಂಕ್ಷನಿನಲ್ಲಿ. ನನಗಾದ ಸಂತೋಷವನ್ನು ನಿಮ್ಮಿಂದೇಕೆ ಮುಚ್ಚಿಡಲಿ? ಚಹಾ ಅಲ್ಲೇ ಬಿಟ್ಟು ಫೋನ್ ಮಾಡಿದೆ.

"ಮಿಸ್ರಿಯಾ, ಈ ಸಲ ತಪ್ಪು ನಿನ್ನದು."

"ಹೌದಾ ಅಣ್ಣ? ಜಾಡು ಸರಿಯಾಗಿ ಬಂದು ನಿಂತಿತಾ?" ಅವಳ ದನಿ ಅರಳಿತು. "ಇಷ್ಟು ವರ್ಷ ಆದ ಮೇಲೂ ನಿಲ್ತದೆ ಅಂತಾದ್ರೆ ಖುಷಿ ಆಯ್ತು. ಎಲ್ಲಿ ತಪ್ಪಿದ್ದೇನೆ, ಹೇಳಿ ನೋಡುವ."

ಹೇಳಿದೆ, ಫೋನ್ ಇಟ್ಟೆ. ಸೊನ್ನೆ ಇಡುವುದನ್ನು ನಾನು ಅಂದೇ ಕಲಿತಿದ್ದೆ. ತನ್ನ ತಪ್ಪು ಸಿಕ್ಕಿತೆಂದು ಹೀಗೆ ಖುಷಿಪಡುವುದು ಮಾತ್ರ ನನಗೆ ಇವತ್ತಿಗೂ ಬರುವುದಿಲ್ಲ. ಆ ಎರಡು ಸಾಲಿನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಈಗ ಆ ಖುಷಿಯ ಮೇಲೆ.